ಹಿಮದರ್ಶನ ಕೋಣೆ ಸದ್ಯಕ್ಕೆ ಖಾಲಿಯಿಲ್ಲ

ರಜೆ ಬೇಕೆನ್ನಿಸಿದ ದಿನಗಳಲ್ಲಿ ರಜೆಯ ಕೋಣೆ ಸಿಗತಕ್ಕದ್ದಲ್ಲ ಎಂಬುದು ಸದಾನಂದ ವಿಹಾರ ಕ್ಲಬ್ಬಿನ ಮೊಟ್ಟಮೊದಲ ನಿಯಮ. ಇದನ್ನು ಕ್ಲಬ್ಬಿನ ಮೇಲಿನ ದೂರು ಎಂದು ಕೆಲವರು ತಪ್ಪು ತಿಳಿಯುತ್ತಾರೆ. ದೂರಲ್ಲ, ನಿಯಮವೇ. ದಪ್ಪ ಕಾಗದದ ಮೇಲೆ ಅಚ್ಚಾಗಿದೆ, ಮೂಲೆಯಲ್ಲಿ ಒಂದು ತೆಂಗಿನ ಮರದ ಚಿತ್ರವೂ ಇದೆ. ಸದಸ್ಯರಾದವರೆಲ್ಲರೂ ಓದಿ ಒಪ್ಪಿದ್ದೇವೆಂದು ರುಜು ಹಾಕಿದ್ದಾರೆ. ಓದದೆ ನಾನೂ ಹಾಕಿದ್ದೇನೆ.

ನಾನು ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಇರುವವನು. ನನ್ನ ಮೇಲಿನ ಮನೆ ಅನಂತರಾಮರದು. ನಮ್ಮ ಕೊಳಾಯಿಗೆ ನೀರು ಬರುವುದಕ್ಕಿಂತ ಹೆಚ್ಚು ಕ್ರಮವಾಗಿ ಅವರ ಮನೆಯ ಮಾತು ನಮ್ಮ ಮನೆಗೆ ಇಳಿದು ಬರುತ್ತದೆ. ಉಳಿದದ್ದನ್ನು ನನ್ನ ಹೆಂಡತಿ ಲೀಲಾ ಮೆಟ್ಟಿಲ ಮೇಲೆ ನಿಂತು ಕೇಳಿಕೊಂಡು ಬರುತ್ತಾಳೆ. ಆದ್ದರಿಂದ ಈ ವೃತ್ತಾಂತದಲ್ಲಿ ನನ್ನ ಊಹೆ ಎಂಬುದು ಏನೂ ಇಲ್ಲ.

ಅನಂತರಾಮರು ಒಂದು ಸಚಿವಾಲಯದಲ್ಲಿ ಅಧಿಕಾರಿ. ಯಾವ ಸಚಿವಾಲಯ ಎಂದು ಹೇಳುವ ಅಗತ್ಯವಿಲ್ಲ, ಎಲ್ಲ ಕಡೆಯೂ ಫೈಲಿಗೆ ಕಟ್ಟುವ ದಾರ ಒಂದೇ. ನಿಯಮ ಎಂದರೆ ಅವರಿಗೆ ಮನೆದೇವರು. ಲಿಫ್ಟಿನಲ್ಲಿ ‘ಎಂಟು ಜನ’ ಎಂದು ಬರೆದಿದ್ದರೆ ಇನ್ನೇಳು ಜನ ಬರಲಿ ಎಂದು ಕಾದು ನಿಲ್ಲುವ ಮನುಷ್ಯ. ಅವರ ಪತ್ನಿ ವಿಮಲಾ ಇದನ್ನೆಲ್ಲ ಸಹಿಸಿಕೊಂಡು ಬಂದ ಸಾಧ್ವಿ. ಆಕೆಗೆ ಇದ್ದದ್ದು ಒಂದೇ ಆಸೆ. ಸರ್ಕಾರ ರಜೆಗೆಂದು ಖರ್ಚು ಕೊಡುವ ಎಲ್‌ಟಿಸಿ ಪ್ರಯಾಣವನ್ನು ಅನಂತರಾಮರು ಪ್ರತಿ ಸಲವೂ ಸ್ವಂತ ಊರು ತಿಪಟೂರಿಗೇ ಬಳಸುತ್ತಿದ್ದರು. ಅಲ್ಲಿ ನೆಂಟರೆಲ್ಲ ಸೇರುತ್ತಿದ್ದರು, ವಿಮಲಾ ಅಷ್ಟೂ ಜನಕ್ಕೆ ಬೇಯಿಸುತ್ತಿದ್ದರು. ಆಕೆಯ ಪಾಲಿಗೆ ರಜೆ ಎಂದರೆ ದೆಹಲಿಯ ಒಲೆಯಿಂದ ತಿಪಟೂರಿನ ಒಲೆಗೆ ವರ್ಗಾವಣೆ.

“ಒಂದೇ ಒಂದು ವಾರ ಸಾಕು,” ಎಂದು ಆಕೆ ಹೇಳುವುದನ್ನು ನಾವು ಸೀಲಿಂಗಿನ ಮೂಲಕ ಎಷ್ಟೋ ಸಲ ಕೇಳಿದ್ದೇವೆ. “ಬೆಟ್ಟ ಕಾಣೋ ಕಿಟಕಿ ಇರ್ಬೇಕು. ನಾನು ಒಲೆ ಹಚ್ಚಬಾರ್ದು. ಯಾರಾದ್ರೂ ಬಂದು ‘ಏನು ತರ್ಲಿ’ ಅಂತ ನನ್ನ ಕೇಳ್ಬೇಕು.”

ಇದು ದೊಡ್ಡ ಆಸೆಯಲ್ಲ. ಆದರೆ ಅರ್ಜಿಯ ರೂಪದಲ್ಲಿ ಬಾರದ ಕಾರಣ ಅನಂತರಾಮರು ಅದನ್ನು ಪರಿಶೀಲಿಸಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ದಂಪತಿಗಳು ಸರೋಜಿನಿ ನಗರದ ಮಾರ್ಕೆಟ್ಟಿಗೆ ಹೋದರು. ವಿಮಲಾ ಒಂದು ಸ್ವೆಟರ್ ಹಿಡಿದು “ಭಯ್ಯಾ, ಠೀಕ್ ಲಗಾವೋ” ಎಂದು ಚೌಕಾಸಿ ಮಾಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಕೇಳಿತು.

“ಅಮ್ಮಾ, ಆ ಬಣ್ಣ ನಿಮಗೆ ತುಂಬಾ ಒಪ್ಪುತ್ತೆ.”

ಇಲ್ಲಿ ದೆಹಲಿ ಕನ್ನಡಿಗರ ಒಂದು ದೌರ್ಬಲ್ಯವನ್ನು ದಾಖಲಿಸಬೇಕು. ಬೆಂಗಳೂರಿನಲ್ಲಿ ಕನ್ನಡದಲ್ಲಿ ವಿಳಾಸ ಕೇಳಿದರೆ ಕತ್ತು ಎತ್ತದವನೂ ದೆಹಲಿಯ ಸಂತೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಕರಗಿ ನೀರಾಗುತ್ತಾನೆ. ಆಮೇಲೆ ಆ ದನಿ ಏನು ಮಾರಿದರೂ ಕೊಳ್ಳುತ್ತಾನೆ. ಸದಾನಂದ ಕ್ಲಬ್ಬಿನವರು ಇದನ್ನು ಅಧ್ಯಯನ ಮಾಡಿದ್ದರು. ತಮಿಳರಿಗೆ ತಮಿಳಿನವರು, ಬಂಗಾಳಿಗಳಿಗೆ ಬಂಗಾಳಿಯವರು, ನಮಗೆ ಸ್ಫೂರ್ತಿ ಎಂಬ ಯುವತಿ ಎಂದು ಮಾರ್ಕೆಟ್ಟಿನಲ್ಲಿ ಹಂಚಿ ನಿಲ್ಲಿಸಿದ್ದರು.

“ಯಾವೂರಮ್ಮಾ ನಿಮ್ದು?” ಎಂದರು ಅನಂತರಾಮರು, ಆಗಲೇ ಕರಗುತ್ತಾ.

“ದಾವಣಗೆರೆ, ಸಾರ್.”

“ಅರೆ, ನಮ್ಮ ಷಡ್ಡಕ ದಾವಣಗೆರೆಯೋರು!”

ಷಡ್ಡಕರ ಮನೆ ಯಾವ ಬೀದಿ ಎಂದು ಇತ್ಯರ್ಥವಾಗುವ ಹೊತ್ತಿಗೆ ಅವರೆಲ್ಲರೂ ಓಖ್ಲಾದಲ್ಲಿದ್ದ ಕ್ಲಬ್ಬಿನ ಆಫೀಸಿನಲ್ಲಿ ಕೂತು ಉಚಿತವಾಗಿ ಛೋಲೆ ಭಟೂರೆ ತಿನ್ನುತ್ತಿದ್ದರು. ಗೋಡೆಯ ಮೇಲೆ ಚಿತ್ರ ಓಡುತ್ತಿತ್ತು. ಕುಮಾವೂಂ ಬೆಟ್ಟದ ಮೇಲೆ ಕ್ಲಬ್ಬಿನ ರೆಸಾರ್ಟು. ಅದರಲ್ಲಿ ‘ಹಿಮದರ್ಶನ’ ಎಂಬ ಕೋಣೆ. ಹಾಸಿಗೆಯಲ್ಲಿ ಮಲಗಿದಲ್ಲಿಂದಲೇ ಹಿಮಾಲಯ ಕಾಣುತ್ತದೆ. ಬಿಳಿ ಸಮವಸ್ತ್ರದವನೊಬ್ಬ ತಟ್ಟೆ ಹಿಡಿದು ಬಾಗಿ ಏನೋ ಕೇಳುತ್ತಾನೆ. ವಿಮಲಾರ ಕೈಯಲ್ಲಿದ್ದ ಭಟೂರೆ ಬಾಯಿಗೆ ಹೋಗದೆ ನಿಂತಿತು.

“ಒಂದು ಸಲ ಸದಸ್ಯರಾದ್ರೆ ಇಪ್ಪತ್ತೈದು ವರ್ಷ, ವರ್ಷಕ್ಕೊಂದು ವಾರ, ಈ ಕೋಣೆ ನಿಮ್ದೇ ಅಂದ್ಕೊಳ್ಳಿ ಅಮ್ಮ,” ಎಂದಳು ಸ್ಫೂರ್ತಿ. ಅಂದುಕೊಳ್ಳುವುದಕ್ಕೆ ಕ್ಲಬ್ಬಿನ ಆಕ್ಷೇಪಣೆ ಇರಲಿಲ್ಲ.

ಕಾಲೇಜು ಓದುವ ಮಗಳು ಹಂಸಿನಿ ಮನೆಯಿಂದ ಫೋನಿನಲ್ಲೇ ಕಿರುಚಿದಳು. “ಪಪ್ಪಾ, ಪ್ಲೀಸ್, ಪೆಹಲೇ ಗೂಗಲ್ ತೋ ಕರ್ ಲೋ! ಹುಡುಕಿ ನೋಡದೆ ಸೈನ್ ಮಾಡ್ಬೇಡಿ!”

“ಸುಮ್ನಿರು. ಕನ್ನಡದ ಹುಡುಗಿ ಸುಳ್ಳು ಹೇಳ್ತಾಳಾ?” ಎಂದರು ಅನಂತರಾಮರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಎದುರಿಗೆ ಕೂತ ಈರಭದ್ರನೂ ಕನ್ನಡದವಳೇ ಆದ್ದರಿಂದ ಅದು ಅನ್ವಯಿಸುವುದಿಲ್ಲ ಎಂದುಕೊಂಡು ದುಡ್ಡು ಕಟ್ಟಿ ರುಜು ಹಾಕಿದರು.

ಬುಕಿಂಗು ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತಿತ್ತು. ಮೊದಲ ದಿನ ವಿಮಲಾ ದೇವರ ಮುಂದೆ ದೀಪ ಹಚ್ಚಿ, ಮೂರು ಫೋನುಗಳಿಗೂ ಕುಂಕುಮ ಇಟ್ಟರು. ಒಂಬತ್ತಾಯಿತು, ಮೂವರೂ ಒತ್ತಿದರು. ‘ಹಿಮದರ್ಶನ ಕೋಣೆ ಸದ್ಯಕ್ಕೆ ಖಾಲಿಯಿಲ್ಲ. ತಮ್ಮ ಆಸಕ್ತಿಗೆ ಅಭಿನಂದನೆಗಳು’ ಎಂದು ಬಂತು. ಮರುದಿನವೂ ಅಭಿನಂದನೆ ಬಂತು. ತಿಂಗಳುಗಟ್ಟಲೆ ಅಭಿನಂದನೆ ಸ್ವೀಕರಿಸಿದ ಮೇಲೆ ಅನಂತರಾಮರು ಓಖ್ಲಾಕ್ಕೆ ಹೋದರು.

“ಸಾರ್, ನಮ್ಮಲ್ಲಿ ನಾಲ್ಕು ಸೀಸನ್,” ಎಂದು ಸ್ಫೂರ್ತಿ ವಿವರಿಸಿದಳು. “ಕೇಸರಿ, ಪಿಸ್ತಾ, ಬಾದಾಮಿ, ಒಣದ್ರಾಕ್ಷಿ. ಹೊಸ ಸದಸ್ಯರಿಗೆ ಒಣದ್ರಾಕ್ಷಿ.”

“ಒಣದ್ರಾಕ್ಷಿ ಅಂದ್ರೆ ಯಾವಾಗ ಬರುತ್ತೆ?”

“ಆಯಾ ಊರಿಗೆ ಯಾರೂ ಹೋಗದೆ ಇರೋವಾಗ ಸಾರ್. ರಾಜಸ್ಥಾನಕ್ಕೆ ಮೇ ತಿಂಗಳು. ಬೆಟ್ಟಕ್ಕೆ ಗುಡ್ಡ ಕುಸಿಯೋ ಕಾಲ.”

“ಆಗ ಹಿಮದರ್ಶನ ಸಿಗುತ್ತಾ?”

“ಕೋಣೆ ಖಂಡಿತ ಸಿಗುತ್ತೆ. ರಸ್ತೆ ಸಿಗಲ್ಲ.”

“ಹೊಸ ಸದಸ್ಯ ಹಳೇ ಸದಸ್ಯ ಆಗೋದು ಯಾವಾಗ?”

“ಕೇಸರಿ ಸೀಸನ್ನಲ್ಲಿ ಒಂದು ಸಲ ತಂಗಿದ್ರೆ ಸಾಕು ಸಾರ್, ಹಳಬರೇ.”

“ಕೇಸರಿ ಸೀಸನ್ನಲ್ಲಿ ತಂಗೋಕೆ ಏನು ಮಾಡ್ಬೇಕು?”

“ಹಳಬರಾಗಿರ್ಬೇಕು ಸಾರ್.”

ಅನಂತರಾಮರು ಕಣ್ಣು ಮುಚ್ಚಿಕೊಂಡರು. ಸಿಟ್ಟಿನಿಂದಲ್ಲ. ಇಷ್ಟು ವರ್ಷದ ಸೇವೆಯಲ್ಲಿ ಅವರು ಎಷ್ಟೋ ಜನರ ಅರ್ಜಿಗಳನ್ನು ತಡೆದಿದ್ದರು. ಆದರೆ ಒಳಬರಲು ಬಾಗಿಲೇ ಇಲ್ಲದ, ಆದರೂ ಎಲ್ಲರಿಗೂ ಸದಾ ತೆರೆದಿರುವ ಇಂಥ ನಿಯಮ ಅವರ ಲೇಖನಿಯಿಂದ ಬಂದಿರಲಿಲ್ಲ. “ಇದನ್ನ ಬರೆದೋರು ಯಾರಮ್ಮಾ?” ಎಂದು ಭಕ್ತಿಯಿಂದ ಕೇಳಿದರು. ಮನೆಗೆ ಬಂದು ಹೆಂಡತಿಗೂ ಅದರ ಸೊಗಸನ್ನು ಬಿಡಿಸಿ ಹೇಳಿದರು.

ವಿಮಲಾ ಕಟ್ಟಿಟ್ಟಿದ್ದ ಸೂಟ್‌ಕೇಸಿನಿಂದ ಸ್ವೆಟರ್ ತೆಗೆದು ಬೀರುವಿಗೆ ಹಾಕಿ, ಅಡುಗೆಮನೆಗೆ ಹೋದರು. ಲೀಲಾ ಇದನ್ನು ನನಗೆ ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಆಮೇಲೆ ಊಟ ತಯಾರಾಗಿದೆಯೆಂದು ಲೀಲಾ ಕರೆದಳು, ಹೋಗಿ ಉಂಡೆ.

ಹೊಸ ಸದಸ್ಯರ ಗಲಾಟೆ ಹೆಚ್ಚಾದಾಗ ಕ್ಲಬ್ಬು ಓಖ್ಲಾದಲ್ಲಿ ಒಂದು ಸಭೆ ಕರೆಯಿತು. ನೋಯ್ಡಾದಲ್ಲಿ ನೆಲೆಸಿದ ಕೊಡಗಿನ ನಿವೃತ್ತ ಸುಬೇದಾರ್ ಮೇಜರ್ ಬಿದ್ದಪ್ಪನವರು ಮೊದಲು ಎದ್ದು ನಿಂತರು. ಅವರನ್ನೂ ಸ್ಫೂರ್ತಿಯೇ ಕನ್ನಡದಲ್ಲಿ ಹಿಡಿದಿದ್ದಳು.

“ನಾನು ಸಿಯಾಚಿನ್‌ನಲ್ಲಿ ರೂಮ್ ಪಡೆದವನು. ಅಲ್ಲಿ ಇಷ್ಟು ಕಷ್ಟ ಇರ್ಲಿಲ್ಲ!” ಎಂದು ಗುಡುಗಿದರು.

ನಿರ್ದೇಶಕರು ‘ನೋಡೋಣ, ಆಗಬಹುದು, ಆಗದಿರಲೂಬಹುದು’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು. ಆಗ ಅನಂತರಾಮರು ಎದ್ದರು. ಕ್ಲಬ್ಬಿಗೆ ಸಹಾಯ ಮಾಡಬೇಕೆಂಬುದು ಬಿಟ್ಟರೆ ಅವರ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

“ಸರ್ಕಾರಿ ಕ್ವಾರ್ಟರ್ಸು ಒಗ್ಗದೆ ಹೋದ್ರೆ ನಾವು ಇಬ್ಬರು ನೌಕರರು ಪರಸ್ಪರ ಬದಲಾಯಿಸ್ಕೊಳ್ತೀವಿ. ಹೊಸ ಮನೆ ಕಟ್ಟೋದೇ ಬೇಡ. ಇಲ್ಲಿರೋ ಪ್ರತಿಯೊಬ್ಬರ ಮನೆಯಲ್ಲೂ ಕೋಣೆಗಳಿವೆ. ಕೊರತೆ ಇರೋದು ಕೋಣೇದಲ್ಲ, ಆದೇಶದ್ದು.”

ನಿರ್ದೇಶಕರು ವೇದಿಕೆಯಿಂದ ಇಳಿದು ಬಂದು ಅವರನ್ನು ತಬ್ಬಿಕೊಂಡರು. ವಾರದೊಳಗೆ ಪ್ರಕಟಣೆ ಹೊರಟಿತು.

‘ಸದಸ್ಯರ ಒತ್ತಾಯದ ಮೇರೆಗೆ, ಸದಸ್ಯರ ಸ್ವಂತ ಮನೆಗಳನ್ನು ಈ ದಿನದಿಂದ ಕ್ಲಬ್ಬಿನ ರೆಸಾರ್ಟುಗಳೆಂದು ಘೋಷಿಸಲಾಗಿದೆ. ಆಯಾ ಮನೆಯ ಗೃಹಿಣಿಯನ್ನು ಇನ್ನು ಮುಂದೆ ಆತಿಥೇಯರು ಎಂದು ಕರೆಯತಕ್ಕದ್ದು. ಆತಿಥೇಯರು ಅಡುಗೆ ಮಾಡಿಕೊಂಡು ಸಂತೋಷವಾಗಿರತಕ್ಕದ್ದು. ಸಂತೋಷದಲ್ಲಿ ಲೋಪ ಕಂಡುಬಂದಲ್ಲಿ ಕ್ರಮ ಜರುಗಿಸಲಾಗುವುದು.’

ಸರ್ಕಾರಿ ಮನೆಯನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲವಲ್ಲ ಎಂದು ಅನಂತರಾಮರಿಗೆ ಒಂದು ದಿನ ಅಳುಕಾಯಿತು. ನಿಯಮ ತೆಗೆದು ನೋಡಿದರು. ನೆಂಟರು ಬರಬಾರದೆಂದು ಎಲ್ಲೂ ಇರಲಿಲ್ಲ. ಬಂದ ನೆಂಟರು ಮೊದಲೇ ಪರಿಚಯದವರಾಗಿರಬೇಕೆಂದೂ ಇರಲಿಲ್ಲ. ಅಳುಕು ಹೋಯಿತು.

ಅವರ ಮನೆಗೆ ‘ರಿಂಗ್ ರೋಡ್ ವ್ಯೂ’ ಎಂದು ಹೆಸರಾಯಿತು. ನನ್ನ ಮನೆಯಲ್ಲಿ ಒಂದು ತುಳಸಿ ಕುಂಡ ಇದ್ದದ್ದರಿಂದ ‘ಹರ್ಬಲ್ ರಿಟ್ರೀಟ್’ ಎಂದಾಯಿತು. ನಮ್ಮಲ್ಲಿಗೆ ಇದುವರೆಗೆ ಬಂದವನು ಒಬ್ಬನೇ, ಅವನೂ ಮನೆ ನಂಬರು ತಪ್ಪಿ ಬಂದಿದ್ದ.

ರಿಂಗ್ ರೋಡ್ ವ್ಯೂಗೆ ಮೊದಲು ಬಂದವರು ಬಿದ್ದಪ್ಪನವರು ಮತ್ತು ಅವರ ಪತ್ನಿ ಸರಸು. ಸರಸು ಬಾಗಿಲಲ್ಲೇ ಸಂಕೋಚದಿಂದ, “ನಿಮಗೆ ತೊಂದ್ರೆ ಆಯ್ತೇನೋ ವಿಮಲಕ್ಕಾ?” ಎಂದರು.

ವಿಮಲಾ ಪ್ರಕಟಣೆಯಲ್ಲಿ ಹೇಳಿದಂತೆ ಸಂತೋಷವಾಗಿ ನಕ್ಕರು. ಅಂದು ಮಧ್ಯಾಹ್ನ ಬಿಸಿಬೇಳೆಭಾತು, ಸಂಜೆ ಮದ್ದೂರು ವಡೆ. ಮಾರನೆಯ ದಿನ ಒತ್ತು ಶಾವಿಗೆ. ಬಿದ್ದಪ್ಪನವರು ಕಣ್ಣಲ್ಲಿ ನೀರು ತುಂಬಿಕೊಂಡು ಐದು ನಕ್ಷತ್ರ ಒತ್ತಿದರು. ‘ವ್ಯೂ ಏನೂ ಇಲ್ಲ. ಕಿಟಕಿ ತೆರೆಯಲು ಪುರಸೊತ್ತೇ ಆಗಲಿಲ್ಲ’ ಎಂದೂ ಬರೆದರು. ಅಲ್ಲಿಗೆ ವಿಮಲಾರ ನೆಮ್ಮದಿ ಮುಗಿಯಿತು. ಗುರುಗ್ರಾಮದಿಂದ, ಫರೀದಾಬಾದಿನಿಂದ, ದ್ವಾರಕಾದಿಂದ ಜನ ಬ್ಯಾಗು ಹಿಡಿದು ಬಂದರು. ಎರಡೇ ತಿಂಗಳಲ್ಲಿ ರಿಂಗ್ ರೋಡ್ ವ್ಯೂ ವರ್ಷಪೂರ್ತಿ ಕೇಸರಿ ಎಂದು ಘೋಷಣೆಯಾಯಿತು. ಹಿಮದರ್ಶನದವರು ಅಸೂಯೆಯಿಂದ ಕಾಗದ ಬರೆದರೆಂದು ಸುದ್ದಿ.

ವಿಮಲಾ ಹಿಂದೆಂದೂ ಬೇಯಿಸದಷ್ಟು ಬೇಯಿಸಿದರು. ಮನೆಯವರು ವರಾಂಡದಲ್ಲಿ ಮಲಗಿದರು. ಹಂಸಿನಿ ತನ್ನ ಕೋಣೆಯಲ್ಲಿ ಫರೀದಾಬಾದಿನ ಅಜ್ಜಿಯೊಬ್ಬರ ಜೊತೆ ಪರೀಕ್ಷೆಗೆ ಓದಿದಳು. ಅಜ್ಜಿ ಅವಳಿಗಿಂತ ಚೆನ್ನಾಗಿ ಓದುತ್ತಿದ್ದರು. ಕೊನೆಗೆ ಒಂದು ದಿನ ಕುಕ್ಕರ್ ಕೂಗು ನಿಂತ ನಿಶ್ಶಬ್ದದಲ್ಲಿ ವಿಮಲಾರ ದನಿ ಸ್ಪಷ್ಟವಾಗಿ ನಮ್ಮ ಮನೆಗೆ ಇಳಿದು ಬಂತು.

“ನನಗೆ ಬೆಟ್ಟ ಬೇಡ. ಈ ಮನೆಗೆ ಎಲ್ಲರೂ ಅತಿಥಿಗಳಾಗಿ ಬರ್ತಾರಲ್ಲ, ನಾನೂ ಒಂದು ವಾರ ಇಲ್ಲೇ ಅತಿಥಿಯಾಗಿ ಇರ್ತೀನಿ. ಬುಕ್ ಮಾಡಿ.”

ಅನಂತರಾಮರು ಪ್ರಯತ್ನಿಸಿದರು. ಮುಂದಿನ ವರ್ಷದವರೆಗೂ ಖಾಲಿಯಿರಲಿಲ್ಲ. ವಿಮಲಾ ಫೋನು ಕಸಿದುಕೊಂಡು ಸ್ಫೂರ್ತಿಗೆ ಮಾಡಿದರು.

“ಅಮ್ಮಾ, ಅದು ತುಂಬಾ ಡಿಮ್ಯಾಂಡ್ ಇರೋ ಪ್ರಾಪರ್ಟಿ,” ಎಂದಳು ಸ್ಫೂರ್ತಿ.

“ಅದು ನನ್ನ ಮನೆ ಕಣಮ್ಮಾ!”

“ಗೊತ್ತಮ್ಮಾ. ಲೊಕೇಶನ್ ಸೂಪರ್. ಆದ್ರೆ ನೀವು ಹೊಸ ಸದಸ್ಯರು. ನಿಮಗೆ ಒಣದ್ರಾಕ್ಷಿ ಸೀಸನ್ನಲ್ಲಿ ಮಾತ್ರ.”

“ದೆಹಲಿಗೆ ಒಣದ್ರಾಕ್ಷಿ ಯಾವಾಗ?”

ಆ ವರ್ಷಪೂರ್ತಿ ಕೇಸರಿಯಿಂದಲೂ ಒಂದು ವಾರ ಹೊರಗುಳಿದಿದೆ ಎಂದು ಸ್ಫೂರ್ತಿ ಹುಡುಕಿ ನೋಡಿ ಹೇಳಿದಳು. ದೀಪಾವಳಿಯ ನಂತರ ಆಕಾಶಕ್ಕೆ ಹೊಗೆ ಕವಿದು, ಓಡಿಹೋಗಲು ಶಕ್ತಿಯಿರುವವರೆಲ್ಲರೂ ದೆಹಲಿ ಬಿಟ್ಟು ಓಡಿಹೋಗುವ ಒಂದು ವಾರ. ಆ ವಾರ ಕೇಸರಿಯವರು ಯಾರೂ ಕಾಲಿಡುವುದಿಲ್ಲ.

ಆ ಬುಕಿಂಗು ತೆರೆದ ಬೆಳಿಗ್ಗೆ ನಮ್ಮ ಇಡೀ ಬ್ಲಾಕು ವಿಮಲಾರಿಗಾಗಿ ಉಸಿರು ಬಿಗಿಹಿಡಿದಿತ್ತು. ನಾನು, ಲೀಲಾ, ಎದುರುಮನೆಯವರು, ನೋಯ್ಡಾದಿಂದ ಬಿದ್ದಪ್ಪ ದಂಪತಿಗಳು, ಎಲ್ಲರೂ ಆಕೆಯ ಹೆಸರಿನಲ್ಲಿ ಒತ್ತಿದೆವು. ಒಂಬತ್ತು ಹೊಡೆದದ್ದೇ ಮೇಲಿನಿಂದ ಹಂಸಿನಿಯ ಕೂಗು ಕೇಳಿತು. “ಮಿಲ್ ಗಯಾ! ಅಮ್ಮಾ, ನಮ್ಮನೇನೇ ಸಿಕ್ತು! ಕನ್ಫರ್ಮ್ಡ್!” ಅನಂತರಾಮರು ಕುಣಿದ ಸದ್ದಿಗೆ ನಮ್ಮ ಫ್ಯಾನು ಅಲ್ಲಾಡಿತು. ಬ್ಲಾಕಿಗೆಲ್ಲ ಪೇಡಾ ಹಂಚಿದರು. ಸ್ವಂತ ಮನೆಯಲ್ಲಿ ಒಂದು ವಾರ ಇರಲು ಅನುಮತಿ ಸಿಕ್ಕ ಭಾಗ್ಯವಂತೆ ಎಂದು ಹೆಂಗಸರು ವಿಮಲಾರ ಕೈ ಮುಟ್ಟಿ ನೋಡಿದರು.

ಆದರೆ ಆತಿಥೇಯರೇ ಅತಿಥಿಯಾದರೆ ಆತಿಥೇಯರ ಹುದ್ದೆ ಖಾಲಿ ಬೀಳುತ್ತದೆ. ಕ್ಲಬ್ಬು ಇದನ್ನು ಗಮನಿಸಿ ಒಂದು ಆದೇಶ ಕಳಿಸಿತು. ‘ಶ್ರೀಮತಿ ವಿಮಲಾ ಇವರ ವಿಹಾರದ ಅವಧಿಯಲ್ಲಿ ಶ್ರೀ ಅನಂತರಾಮ ಇವರನ್ನು ಪ್ರಭಾರ ಆತಿಥೇಯರನ್ನಾಗಿ ನೇಮಿಸಲಾಗಿದೆ. ಅಡುಗೆಯೂ ಸೇರಿದಂತೆ.’

ಅನಂತರಾಮರು ಹುಟ್ಟಿದಾಗಿನಿಂದ ಒಲೆ ಹಚ್ಚಿದವರಲ್ಲ. ವಿಮಲಾ ಜ್ವರ ಬಂದಾಗ ಕೇಳಿದ್ದರು, ಬಸುರಿಯಾಗಿದ್ದಾಗ ಕೇಳಿದ್ದರು, ಅತ್ತು ಕೇಳಿದ್ದರು, ಬೈದು ಕೇಳಿದ್ದರು. ಯಾವುದೂ ಲಿಖಿತವಾಗಿರಲಿಲ್ಲ. ಈಗ ಲಿಖಿತವಾಗಿ ಬಂದಿತ್ತು. ಅನಂತರಾಮರು ಆದೇಶವನ್ನು ಎರಡು ಸಲ ಓದಿ, ಎದ್ದು ನಿಂತು, “ಸರಿ, ಚಾರ್ಜ್ ಕೊಡು,” ಎಂದರು. ಅಡುಗೆಮನೆಯ ಹಸ್ತಾಂತರ ವಿಧಿಬದ್ಧವಾಗಿ ನಡೆಯಿತು. ಉಪ್ಪು ಯಾವುದು, ಸಕ್ಕರೆ ಯಾವುದು ಎಂಬುದನ್ನು ರುಚಿ ನೋಡಿ ಖಾತ್ರಿ ಮಾಡಿಕೊಂಡರು.

ನಿಗದಿತ ದಿನ ವಿಮಲಾ ಸೂಟ್‌ಕೇಸ್ ಹಿಡಿದು ಮನೆಯಿಂದ ಹೊರಗೆ ಬಂದು, ಬಾಗಿಲು ಹಾಕಿಸಿ, ಬೆಲ್ ಒತ್ತಿದರು. ಇಸ್ತ್ರಿ ಮಾಡಿದ ಅಂಗಿಯಲ್ಲಿ ಅನಂತರಾಮರು ಬಾಗಿಲು ತೆರೆದರು.

“ಸ್ವಾಗತ ಮೇಡಂ. ಗುರುತಿನ ಚೀಟಿ?”

ವಿಮಲಾ ಆಧಾರ್ ಕಾರ್ಡ್ ಕೊಟ್ಟರು. ಅನಂತರಾಮರು ಫೋಟೋ ನೋಡಿದರು, ಮುಖ ನೋಡಿದರು. ಎಷ್ಟೋ ವರ್ಷಗಳಿಂದ ಅಷ್ಟು ಹೊತ್ತು ನೋಡಿರಲಿಲ್ಲ ಎಂದು ಕಾಣುತ್ತದೆ, ಸ್ವಲ್ಪ ಗಾಬರಿಯಾದರು. “ಸರಿಯಾಗಿದೆ,” ಎಂದು ಹಿಂದಕ್ಕೆ ಕೊಟ್ಟು, ಆಕೆಯನ್ನು ಕೋಣೆಗೆ ಕರೆದೊಯ್ದು, ಪರದೆ ಸರಿಸಿದರು. ಹೊರಗೆ ಹೊಗೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎದುರಿನ ಬ್ಲಾಕೂ ಇಲ್ಲ, ರಿಂಗ್ ರೋಡೂ ಇಲ್ಲ.

“ಬೆಟ್ಟ ಎಲ್ಲಿ?” ಎಂದರು ವಿಮಲಾ.

“ಮಂಜು ಸರಿದ ಮೇಲೆ ನೋಡಬಹುದು ಮೇಡಂ. ಇಲ್ಲ ಅಂತ ಈಗ ಯಾರೂ ಹೇಳೋ ಹಾಗಿಲ್ಲ.” ಹೀಗೆಂದು ತುಸು ಬಾಗಿ ಕೇಳಿದರು. “ಏನು ತರ್ಲಿ ಮೇಡಂ?”

ವಿಮಲಾ ಹಾಸಿಗೆಯ ಅಂಚಿನಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹೊಗೆಯಿಂದ ಎಂದು ಅನಂತರಾಮರು ಕಿಟಕಿ ಮುಚ್ಚಿದರು. ಹೊಗೆಯಿಂದಲ್ಲ ಎಂದು ಲೀಲಾ ಹೇಳುತ್ತಾಳೆ, ನಾನೂ ಅದನ್ನೇ ನಂಬುತ್ತೇನೆ.

ಆ ವಾರದ ಅಡುಗೆಯ ಬಗ್ಗೆ ಹೆಚ್ಚು ಬರೆಯಬಾರದು. ಮೊದಲ ದಿನದ ಉಪ್ಪಿಟ್ಟನ್ನು ಪಾತ್ರೆಯಿಂದ ಬಿಡಿಸಲು ನನ್ನ ಸ್ಕ್ರೂಡ್ರೈವರ್ ಹೋಯಿತು. ಮೂರನೆಯ ದಿನ ಅನ್ನ ಅನ್ನದ ಹಾಗೆ ಕಂಡಿತು. ಐದನೆಯ ದಿನ ಸಾರಿನ ವಾಸನೆ ಕೆಳಗೆ ಬಂದಾಗ ನಾನೂ ಲೀಲಾನೂ ಮಾತು ನಿಲ್ಲಿಸಿ ಮೂಗು ಎತ್ತಿದೆವು. ವಿಮಲಾ ಮಲಗಿದಲ್ಲೇ ತಿಂದರು, ಹಗಲಲ್ಲೇ ನಿದ್ದೆ ಮಾಡಿದರು, ಯಾವುದಕ್ಕೂ ಏಳಲಿಲ್ಲ. ಕೊನೆಗೆ ಮೂರು ನಕ್ಷತ್ರ ಕೊಟ್ಟರು. ಅನಂತರಾಮರು ಇದರ ವಿರುದ್ಧ ಮೇಲ್ಮನವಿ ಸಲ್ಲಿಸಿದ್ದಾರೆ, ಅದು ಪರಿಶೀಲನೆಯಲ್ಲಿದೆ.

ಅತಿಥಿಗಳು ಬೆಳಿಗ್ಗೆ ಹನ್ನೊಂದಕ್ಕೆ ಕೋಣೆ ಬಿಡಬೇಕು. ಆತಿಥೇಯರ ಕರ್ತವ್ಯ ಮಧ್ಯಾಹ್ನ ಎರಡಕ್ಕೆ ಶುರು. ನಡುವಿನ ಹೊತ್ತಿನಲ್ಲಿ ವಿಮಲಾ ಆ ಮನೆಗೆ ಅತಿಥಿಯೂ ಅಲ್ಲ, ಆತಿಥೇಯರೂ ಅಲ್ಲ. ಆದ್ದರಿಂದ ಆಕೆ ಸೂಟ್‌ಕೇಸ್ ಇಟ್ಟುಕೊಂಡು, ಮಾಸ್ಕ್ ಹಾಕಿಕೊಂಡು, ಕೆಳಗೆ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದರು. ನಾನು ಹಾಲು ತರಲು ಹೋಗುವಾಗ ಕಂಡೆ.

“ಹೇಗಿತ್ತಮ್ಮಾ ರೆಸಾರ್ಟು?”

“ತುಂಬಾ ಚೆನ್ನಾಗಿತ್ತು,” ಎಂದರು. “ಅಡುಗೆಯವರು ಹೊಸಬರು. ಕಲೀತಾರೆ.”

ಎರಡು ಗಂಟೆಗೆ ಅನಂತರಾಮರು ಚಾರ್ಜ್ ಒಪ್ಪಿಸಲು ಕೆಳಗೆ ಬಂದರು. ಹೆಗಲ ಮೇಲೆ ಅಡುಗೆಮನೆಯ ಬಟ್ಟೆ ಇತ್ತು. ಹೊಸ ಅತಿಥಿಗಳ ಟ್ಯಾಕ್ಸಿ ಆಗಲೇ ಗೇಟಿನ ಬಳಿ ನಿಂತಿತ್ತು. ವಿಮಲಾ ಏಳಲಿಲ್ಲ.

“ಆತಿಥೇಯರು ಕರ್ತವ್ಯಕ್ಕೆ ಹಾಜರಾಗದೆ ಇದ್ರೆ ನಿಯಮ ಏನು ಹೇಳುತ್ತೆ?” ಎಂದು ಕೇಳಿದರು.

ಅನಂತರಾಮರು ಯೋಚಿಸಿದರು. ಸುಳ್ಳು ಹೇಳಬಹುದಿತ್ತು. ಆದರೆ ನಿಯಮದ ವಿಷಯದಲ್ಲಿ ಅವರು ಸುಳ್ಳು ಹೇಳುವವರಲ್ಲ. “ಹಾಜರಾಗೋವರೆಗೆ ಪ್ರಭಾರದಲ್ಲಿರೋರೇ ಮುಂದುವರಿಯತಕ್ಕದ್ದು,” ಎಂದರು.

“ಹಾಗಾದ್ರೆ ನಾನಿನ್ನೂ ಬಂದಿಲ್ಲ ಅಂತ ಬರ್ಕೊಳ್ಳಿ,” ಎಂದು ವಿಮಲಾ ಕಾಲು ಚಾಚಿ ಕೂತರು.

ಅನಂತರಾಮರು ಜೇಬಿನಿಂದ ಪೆನ್ನು ತೆಗೆದು ಹಾಗೆಯೇ ಬರೆದುಕೊಂಡರು. ಅತಿಥಿಗಳ ಬ್ಯಾಗುಗಳನ್ನು ತಾವೇ ಎತ್ತಿಕೊಂಡು, “ಊಟಕ್ಕೆ ಏನು ಮಾಡ್ಲಿ?” ಎಂದು ಕೇಳುತ್ತಾ ಮೆಟ್ಟಿಲು ಹತ್ತಿದರು.

ಮರುದಿನ ಎದುರುಮನೆಯಾಕೆಯೂ ಬೆಂಚಿಗೆ ಬಂದು ಕೂತರು. ಆಮೇಲೆ ನೋಯ್ಡಾದಿಂದ ಸರಸು ಬಂದರು. ಬಿದ್ದಪ್ಪನವರು ಮನೆಯಲ್ಲಿ ಕಡುಬು ಬೇಯಿಸುತ್ತಿದ್ದಾರಂತೆ. ವಾರ ಕಳೆಯುವಷ್ಟರಲ್ಲಿ ಕ್ಲಬ್ಬಿನವರು ಬಂದು, ಬೆಂಚು ಅಳೆದು, ಫೋಟೋ ತೆಗೆದು, ಅದನ್ನು ವರ್ಷಪೂರ್ತಿ ಕೇಸರಿ ಎಂದು ಘೋಷಿಸಿದರು. ಈಗ ಬೆಳಿಗ್ಗೆ ಒಂಬತ್ತಕ್ಕೆ ಬೆಂಚಿನ ಬುಕಿಂಗು ತೆರೆಯುತ್ತದೆ, ತೆರೆದದ್ದೇ ತುಂಬುತ್ತದೆ. ಲೀಲಾ ಹೊಸ ಸದಸ್ಯೆ, ಅವಳಿಗೆ ಒಣದ್ರಾಕ್ಷಿ. ಜೋರು ಮಳೆ ಬರುವ ದಿನ ಒಂದು ಜಾಗ ಸಿಗಬಹುದೆಂದು ಸ್ಫೂರ್ತಿ ಭರವಸೆ ಕೊಟ್ಟಿದ್ದಾಳೆ, ಕನ್ನಡದಲ್ಲಿ. ಅಷ್ಟರೊಳಗೆ ನಾನು ಮೇಲಿನ ಮನೆಗೆ ಹೋಗಿ, ಅನ್ನಕ್ಕೆ ಎಷ್ಟು ನೀರು ಇಡಬೇಕೆಂದು ಅನಂತರಾಮರಿಂದ ಕಲಿಯುತ್ತಿದ್ದೇನೆ.